ರಾಕ್ಷಸನ ಮಗಳಿಗೊಂದು ಹೂಂ

ಇಂದೂಬಾಯಿಯವರ ಕಥೆಗೆ ಒಂದು ಕಟ್ಟಳೆಯಿತ್ತು. ಕೇಳಲು ಕೂತವರಲ್ಲಿ ಒಬ್ಬರು ಹೂಂಗುಟ್ಟಬೇಕು. ಎಲ್ಲರೂ ಅಲ್ಲ, ಒಬ್ಬರೇ. ಆ ಒಬ್ಬರು ಯಾರೆಂದು ಮೊದಲೇ ಗೊತ್ತಾಗಿರಬೇಕು. ಅವರು ಮಾತುಮಾತಿಗೆ "ಹೂಂ" ಎಂದರೆ ಕಥೆ ಮುಂದೆ ಹೋಗುತ್ತದೆ, ಸುಮ್ಮನಾದರೆ ಅಲ್ಲೇ ಕೂತುಬಿಡುತ್ತದೆ. ರಾಜಕುಮಾರ ಕುದುರೆ ಹತ್ತಲು ಒಂದು ಕಾಲು ಎತ್ತಿದ್ದರೂ ಸರಿ, ಹೂಂ ಬರುವ ತನಕ ಆ ಕಾಲು ಗಾಳಿಯಲ್ಲೇ ಇರಬೇಕು. ಇದು ಅವರ ತಾಯಿ ಪಾರ್ವತೀಬಾಯಿಯಿಂದ ಬಂದ ಪದ್ಧತಿ. "ಹೂಂ ಅಂದ್ರ ನಿದ್ದಿ ಬಂದಿಲ್ಲ ಅಂತ ಅಲ್ಲ. ಆದದ್ದು ನನಗ ಒಪ್ಪಿಗಿ ಅದ, ಮುಂದ ಹೇಳು ಅಂತ," ಎನ್ನುತ್ತಿದ್ದರಂತೆ ಆಕೆ.

ಕಮಲಾಪುರದ ಹೆಣ್ಣುಮಕ್ಕಳ ಶಾಲೆಯಲ್ಲಿ ಈ ಹೂಂ ಬಂಡೆಮ್ಮನ ಪಾಲಿಗೆ ಬಂದಿತ್ತು. ಯಾರೂ ಕೊಟ್ಟದ್ದಲ್ಲ, ಆಕೆಯೇ ಕಿತ್ತುಕೊಂಡದ್ದು. ಒಕ್ಕಲುತನದವರ ಹೊಲಗಳಲ್ಲಿ ಕೂಲಿ ಮಾಡುವ ಯಂಕಪ್ಪನ ಮಗಳು. ಹತ್ತು ವರ್ಷಕ್ಕೇ ಓಣಿಯ ಜಗಳಗಳನ್ನೆಲ್ಲ ತೀರಿಸುವಷ್ಟು ಗಂಟಲು. ಶಾಲೆ ಬಿಡುವ ಮೊದಲು ಬೇವಿನ ಗಿಡದ ಕೆಳಗೆ ಕಥೆ ಶುರುವಾದರೆ ಆಕೆಯ ಹೂಂ ಹುಮನಾಬಾದ ರಸ್ತೆಗೆ ಕೇಳುತ್ತಿತ್ತು. ಬೇರೆ ಹುಡುಗಿ ಬಾಯಿ ತಪ್ಪಿ ಹೂಂ ಎಂದರೆ ತೊಡೆಗೆ ಒಂದು ಚಿವುಟು ಬೀಳುತ್ತಿತ್ತು.

ಇಂದೂಬಾಯಿ ಕಲಬುರಗಿಯ ಶಹಾಬಜಾರದವರು. ಮದುವೆಯಾಗಿ ಮೂರನೆಯ ವರ್ಷಕ್ಕೇ ಗಂಡ ಜ್ವರದಲ್ಲಿ ತೀರಿಕೊಂಡ. ಮನೆಯ ಮಾತು ಮರಾಠಿ, ಓಣಿಯ ಮಾತು ಕನ್ನಡ, ಕಚೇರಿಯ ಮಾತು ಉರ್ದು ಎಂಬ ಕಾಲದಲ್ಲಿ ಬೆಳೆದವರು. ಪೊಲೀಸ್ ಕಾರ್ಯಾಚರಣೆ ಮುಗಿದು, ನಿಜಾಮರ ಅಮಲು ಹೋಗಿ, ಶಾಲೆಗಳಲ್ಲಿ ಕನ್ನಡ ಶುರುವಾದಾಗ ಕನ್ನಡ ಓದಿ ಬರೆಯುವ ಹೆಂಗಸರನ್ನು ದೀಪ ಹಚ್ಚಿ ಹುಡುಕಬೇಕಿತ್ತು. ಹಾಗೆ ಹುಡುಕಿದವರಿಗೆ ಇವರು ಸಿಕ್ಕರು. ವಾರವೆಲ್ಲ ಕಮಲಾಪುರದಲ್ಲಿ ಒಂದು ಕೋಣೆ, ಶನಿವಾರ ಸಂಜೆ ಬಸ್ಸು ಹತ್ತಿ ಶಹಾಬಜಾರದ ಅಣ್ಣನ ಮನೆ.

ಆ ಬಸ್ಸಿನ ದಾರಿಯಲ್ಲಿ ಮಹಾಗಾಂವ ಬರುತ್ತದೆ. ಅಲ್ಲಿಗೆ ಬಂದಾಗ ಇಂದೂಬಾಯಿ ಸೆರಗು ಸರಿಮಾಡಿಕೊಳ್ಳುವ ನೆಪದಲ್ಲಿ ತಲೆ ಬಗ್ಗಿಸುತ್ತಿದ್ದರು. ಅಲ್ಲಿ ಅವರ ತಂದೆ ಪಾಂಡುರಂಗರಾಯರ ಹಳ್ಳಿಯ ಮನೆಯಿತ್ತು. ನಿಜಾಮರ ಪರದ ರಜಾಕಾರರು ಲಾರಿಯಲ್ಲಿ ಬಂದು ನೆಲದೊಳಗಿನ ಜೋಳದ ಹಗೇವು ತೆಗೆಸಿ, ಮನೆಗೆ ಬೆಂಕಿ ಇಟ್ಟು ಹೋದರು. ರಾಯರು ಉಟ್ಟ ಬಟ್ಟೆಯಲ್ಲಿ ಸೋಲಾಪುರದ ಕಡೆಗೆ ಓಡಿ, ಅಲ್ಲಿನ ನಿರಾಶ್ರಿತರ ಶಿಬಿರದಲ್ಲೇ ಕಣ್ಣು ಮುಚ್ಚಿದರು. ಮಗಳಿಗೆ ಕೊನೆಗೆ ಮುಖ ನೋಡಲೂ ಸಿಗಲಿಲ್ಲ. ಇದನ್ನು ಇಂದೂಬಾಯಿ ಯಾರ ಮುಂದೂ ಆಡುತ್ತಿರಲಿಲ್ಲ, ಆದರೆ ಆಡದ ಮಾತು ಒಳಗೆ ತಣ್ಣಗೆ ಕೂತಿತ್ತು ಎಂದು ಯಾರೂ ತಿಳಿಯಬೇಕಾಗಿಲ್ಲ.

ಇಷ್ಟಾದರೂ ಫಕ್ರುದ್ದೀನನ ಮಗಳು ಇಕ್ಬಾಲ್ ಬೇಗಂಳನ್ನು ಶಾಲೆಗೆ ಕರೆತಂದವರು ಇವರೇ. ಫಕ್ರುದ್ದೀನ್ ರಜಾಕಾರರ ಖಾಕಿ ತೊಟ್ಟವನು ಎಂಬುದು ಇಡೀ ಕಮಲಾಪುರಕ್ಕೆ ಗೊತ್ತು. ಕಾರ್ಯಾಚರಣೆಯ ನಂತರದ ಗದ್ದಲದಲ್ಲಿ ಯಾರೋ ಅವನನ್ನು ಮನೆಯಿಂದ ಕರೆದೊಯ್ದರು. ಹೆಣ ಕೂಡ ಸಿಗಲಿಲ್ಲ. ಹುಡುಗಿಯನ್ನು ಅವನ ತಾಯಿ ದಿಲ್ಶಾದ್ ಬೇಗಂ ಸಾಕುತ್ತಿದ್ದಳು, ಅಜ್ಜಿಯನ್ನು ಹುಡುಗಿ ದಾದಿ ಎನ್ನುತ್ತಿದ್ದಳು. ಇಂದೂಬಾಯಿ ಆ ಬಾಗಿಲಿಗೆ ಹೋದದ್ದು ದೊಡ್ಡ ಮನಸ್ಸಿನಿಂದಲೇ ಎಂದು ನಾನು ಬರೆದರೆ ಅವರೇ ನಕ್ಕಾರು. ಹೆಣ್ಣುಮಕ್ಕಳು ಸಾಲದೆ ಶಾಲೆ ಮುಚ್ಚುವ ಹಾಗಿತ್ತು, ಯಾರ ಮಗಳಾದರೂ ಬೇಕಿತ್ತು. ಬಂದ ಹುಡುಗಿ ಮೂಲೆಯಲ್ಲಿ ಕೂತು ಎರಡು ತಿಂಗಳಲ್ಲಿ ಕಾಗುಣಿತ ಮುಗಿಸಿದಾಗ ಮಾತ್ರ ಅವರಿಗೆ ನಿಜವಾದ ಪ್ರೀತಿ ಹುಟ್ಟಿತು.

ಹೀಗಿರುವಾಗ ಒಂದು ಶನಿವಾರ ಶಹಾಬಜಾರದ ಸಂದಿಯಲ್ಲಿ ಸಿನೆಮಾದ ಟಾಂಗಾ ಬಂತು. ಎರಡೂ ಬದಿಗೆ ಬಣ್ಣದ ಚಿತ್ರ, ಮುಂದೆ ಬ್ಯಾಂಡು. ಚಿತ್ರದಲ್ಲಿ ಕೋರೆಹಲ್ಲಿನ ರಾಕ್ಷಸ, ಅವನ ಎದುರು ಒಂದು ಡಬ್ಬಿ, ಡಬ್ಬಿಯಲ್ಲಿ ಮಿಣುಕುಹುಳ. ಇಂದೂಬಾಯಿ ಬಾಗಿಲಲ್ಲೇ ನಿಂತುಬಿಟ್ಟರು. ಏಳು ಕೋಟೆಯ ಒಳಗಿನ ಬಾವಿ, ಬಾವಿಯೊಳಗೆ ಡಬ್ಬಿ, ಡಬ್ಬಿಯೊಳಗಿನ ಮಿಣುಕುಹುಳದಲ್ಲಿ ರಾಕ್ಷಸನ ಜೀವ: ಇದು ಅವ್ವನ ಕಥೆ! ಮುಂಬೈಯ ಸಿನೆಮಾದವರು ಯಾವ ಅಜ್ಜಿಯ ಬಾಯಿಂದ ಎತ್ತಿಕೊಂಡರೋ ದೇವರೇ ಬಲ್ಲ. ಸಿಟ್ಟು ಬರಬೇಕಿತ್ತು, ಅವರಿಗೆ ಹೆಮ್ಮೆಯಾಯಿತು.

ಸೋಮವಾರ ಹೆಡ್‌ಮಾಸ್ತರ ಸೂಗಪ್ಪನವರ ಮುಂದೆ ನಿಂತರು. "ಹುಡುಗ್ಯಾರನ್ನ ಸಿನೆಮಾಕ್ಕ ಕರ್ಕೊಂಡು ಹೋಗ್ತೀನ್ರಿ."

ಸೂಗಪ್ಪನವರು ಕನ್ನಡಕ ತೆಗೆದರು. "ಏನಂದ್ರಿ ಬಾಯಾರ? ಸಿನೆಮಾಕ್ಕ?"

"ವಾರಕ್ಕೊಮ್ಮೆ ನೀತಿಪಾಠ ಹೇಳಬೇಕಂತ ನೀವೇ ಹಚ್ಚೀರಿ. ಇದು ನೀತಿ ಕಥಿ. ನೋಡಿ ಬಂದ ಮ್ಯಾಲ ಅದರ ಮ್ಯಾಲೇ ಪಾಠ ಮಾಡ್ತೀನಿ."

"ಹುಡುಗ್ಯಾರ ಅಪ್ಪಂದಿರು ನನ್ನ ಮನಿ ಮುಂದ ಬಂದು ಕೂತ್ರ?"

"ಅವರನ್ನೂ ಕಳಸ್ರಿ, ಅವರಿಗೂ ನೀತಿ ಬೇಕಾಗ್ಯಾದ."

ಸೂಗಪ್ಪನವರು ನಕ್ಕು ಒಪ್ಪಿದರು. ತಾವು ಒಪ್ಪದಿದ್ದರೂ ಬಾಯಾರು ಹೋಗುತ್ತಿದ್ದರು ಎಂಬುದು ಅವರಿಗೆ ಗೊತ್ತಿತ್ತು.

ಮುಂದಿನ ಶನಿವಾರ ಬಸ್ಸಿನ ತುಂಬ ಎಣ್ಣೆ ಹಚ್ಚಿ ಬಾಚಿದ ತಲೆಗಳು. ಸಿನೆಮಾ ಮನೆಯಲ್ಲಿ ಹೆಂಗಸರ ಕಡೆಗೆ ಪರದೆ ಕಟ್ಟಿದ್ದರು. ದೀಪ ಆರಿದ ಮೇಲೆ ಅದನ್ನು ಸರಿಸಿದರು. ಹುಡುಗಿಯರು ನೆಲದ ಮೇಲೆ ಒತ್ತೊತ್ತಾಗಿ ಕೂತರು. ಸಿನೆಮಾ ಹಿಂದಿಯಲ್ಲಿತ್ತು, ಆದರೆ ಕಥೆ ಗೊತ್ತಿದ್ದರಿಂದ ಯಾರಿಗೂ ಭಾಷೆಯ ತೊಡಕಾಗಲಿಲ್ಲ. ತೊಡಕಾದದ್ದು ಬೇರೆ. ರಾಜಕುಮಾರ ತಾಯಿಯ ಕಾಲಿಗೆ ಬಿದ್ದ ಕೂಡಲೇ ಬಂಡೆಮ್ಮ "ಹೂಂ" ಎಂದಳು.

ಮುಂದಿನ ಸಾಲಿನ ಹೆಂಗಸೊಬ್ಬಳು ತಿರುಗಿ ನೋಡಿದಳು. ರಾಜಕುಮಾರ ಕುದುರೆ ಹತ್ತಿದ. "ಹೂಂ." ಮೊದಲ ಕೋಟೆ ದಾಟಿದ. "ಹೂಂ." ಗಂಡಸರ ಕಡೆಯಿಂದ ನಗೆ ಎದ್ದಿತು. ಇಂದೂಬಾಯಿ ಬಗ್ಗಿ, "ಇಲ್ಲಿ ಹೂಂ ಬ್ಯಾಡವ್ವ, ಅದು ತಾನೇ ಹೋಗ್ತದ," ಎಂದು ಪಿಸುಗುಟ್ಟಿದರು.

ಬಂಡೆಮ್ಮನಿಗೆ ನಂಬಿಕೆ ಬರಲಿಲ್ಲ. "ಒಪ್ಪದಿದ್ರೂ ಹೋಗ್ತದೇನ್ರಿ?"

"ಒಪ್ಪದಿದ್ರೂ ಹೋಗ್ತದ."

ಸಿನೆಮಾದವರು ಅವ್ವನ ಕಥೆಗೆ ಒಂದು ಹೊಸ ಪಾತ್ರ ಸೇರಿಸಿದ್ದರು: ರಾಕ್ಷಸನ ಮಗಳು. ಪುಟ್ಟ ಹುಡುಗಿ, ಕೋರೆಹಲ್ಲಿಲ್ಲ, ಕಾಲಿಗೆ ಗೆಜ್ಜೆ. ಅಪ್ಪ ಮನೆಗೆ ಬಂದಾಗ ಕುಣಿದು ಒಂದು ಹಾಡು ಹಾಡಿದಳು. ಹಾಡು ಮುಗಿದ ಮೇಲೆ ಸಿನೆಮಾದವರು ಅವಳನ್ನು ಮರೆತೇಬಿಟ್ಟರು. ಕೊನೆಯನ್ನೂ ಬದಲಿಸಿದ್ದರು. ಅವ್ವನ ಕಥೆಯಲ್ಲಿ ರಾಜಕುಮಾರ ಡಬ್ಬಿ ಹಿಡಿದು ನಿಂತಾಗ ರಾಕ್ಷಸ ಮಂಡಿಯೂರುತ್ತಾನೆ. ರಾಜಕುಮಾರ ಅವನ ಜೀವ ತೆಗೆಯದೆ, ನೀನು ಹಾಳು ಮಾಡಿದ ಊರಿಗೆ ಕೆರೆ ಕಟ್ಟು ಎನ್ನುತ್ತಾನೆ. ರಾಕ್ಷಸ ಕೂದಲು ಬೆಳ್ಳಗಾಗುವ ತನಕ ಕಲ್ಲು ಹೊರುತ್ತಾನೆ. ಸಿನೆಮಾದಲ್ಲಿ ರಾಜಕುಮಾರ ಡಬ್ಬಿಯನ್ನು ನೆಲಕ್ಕೆ ಬಡಿದ, ಹುಳವನ್ನು ಕಾಲಿನ ಜೋಡಿನ ಕೆಳಗೆ ಹಾಕಿ ತಿಕ್ಕಿದ. ರಾಕ್ಷಸ ಗುಡ್ಡದ ಮೇಲಿಂದ ಉರುಳಿದ.

ಗಂಡಸರು ಸೀಟಿ ಹೊಡೆದರು. ಬಂಡೆಮ್ಮ ಎದ್ದು ನಿಂತು "ಹೂಂ!" ಎಂದು ಕೂಗಿದಳು. ಇಂದೂಬಾಯಿಯವರು ಅವಳನ್ನು ಕೂರಿಸಲಿಲ್ಲ. ಆ ಜೋಡು ಕೆಳಗಿಳಿದಾಗ ಅವರ ಕಣ್ಣ ಮುಂದೆ ಬಂದದ್ದು ಮಹಾಗಾಂವದ ಸುಟ್ಟ ತೊಲೆ, ಕಾಣದೆ ಹೋದ ತಂದೆಯ ಮುಖ. ಎದೆಯಲ್ಲಿ ಒಂದು ಸುಖ ಹರಿಯಿತು. ಬಹಳ ದಿನದಿಂದ ಬೇಡುತ್ತಿದ್ದುದು ಸಿಕ್ಕ ಸುಖ ಅದು.

ಸೋಮವಾರ ನೀತಿಪಾಠ. "ಸಿನೆಮಾದಿಂದ ಏನ್ ಕಲತ್ರಿ?" ಎಂದು ಕೇಳಿದರು.

"ಕೆಟ್ಟವರನ್ನ ತುಳದು ಹಾಕಬೇಕ್ರಿ!" ಬಂಡೆಮ್ಮ ಮೊದಲು ಹೇಳಿದಳು, ಎಲ್ಲರೂ ರಾಗ ಎಳೆದರು. ಅವಳಿಗೆ ಹೇಳಲು ಕಾರಣವಿತ್ತು. ಜೋಳ ಬಚ್ಚಿಟ್ಟ ಮಾಲೀಕ ಯಾರೆಂದು ಹೇಳಲಿಲ್ಲವೆಂದು ರಜಾಕಾರರು ಯಂಕಪ್ಪನ ಬಲಗೈ ಮುರಿದಿದ್ದರು. ಆ ಕೈಗೆ ಇವತ್ತಿಗೂ ಕುಡುಗೋಲು ಹಿಡಿಯಲು ಬರುತ್ತಿರಲಿಲ್ಲ.

"ಶಾಣ್ಯಾರು," ಎಂದರು ಇಂದೂಬಾಯಿ. ಅಷ್ಟಕ್ಕೇ ಬಿಡಲಿಲ್ಲ. ಹಲಗೆಯ ಮೇಲ್ತುದಿಯಲ್ಲಿ ದಪ್ಪ ಅಕ್ಷರದಲ್ಲಿ ಬರೆದರು: ಕೆಟ್ಟವರನ್ನು ಉಳಿಸಬಾರದು. ಅವ್ವನ ಕೆರೆ, ಅವ್ವನ ಕಲ್ಲು ಅವರ ನಾಲಿಗೆಗೆ ಬರಲೇ ಇಲ್ಲ.

ಮೂಲೆಯಿಂದ ಇಕ್ಬಾಲ್ ಬೇಗಂ ಕೈ ಎತ್ತಿದಳು. ತಾನಾಗಿ ಕೈ ಎತ್ತುವ ಹುಡುಗಿಯಲ್ಲ ಅದು. "ಬಾಯಿ, ಅವನ ಮಗಳು ಏನಾದ್ಲ್ರಿ?"

"ಯಾರ ಮಗಳು?"

"ರಾಕ್ಷಸನ ಮಗಳ್ರಿ. ಹಾಡಿದ್ಲಲ್ಲ."

ಬಂಡೆಮ್ಮ ತಿರುಗಿದಳು. "ಏನಾಗ್ತಾಳ? ರಾಕ್ಷಸನ ಮಗಳು ರಾಕ್ಷಸಿನೇ. ಅಕಿನ್ನೂ ತುಳೀಬೇಕು." ಹುಡುಗಿಯರು ನಕ್ಕರು.

ಇಲ್ಲಿ ಇಂದೂಬಾಯಿ ಏನಾದರೂ ಹೇಳಬಹುದಿತ್ತು. ಹೇಳಿದ್ದು ಇಷ್ಟೇ: "ಅದು ಪಾಠದಾಗ ಇಲ್ಲ. ಕೂಡು." ಹುಡುಗಿ ಕೂತಳು. ಮಾರನೆಯ ದಿನ ಮೂಲೆ ಖಾಲಿ ಇತ್ತು. ಅದರ ಮರುದಿನವೂ ಖಾಲಿ.

ವಾರದ ಕೊನೆಗೆ ಬಂಡೆಮ್ಮನೇ ಸುದ್ದಿ ತಂದಳು. "ಅಕಿ ಹೋಗ್ಯಾಳ್ರಿ ಬಾಯಾರ, ಅಜ್ಜಿ ಸಂಗಟ ಕಲಬುರಗಿ ರೋಜಾ ಓಣಿಗಿ. ಮನಿಗಿ ಕೀಲಿ ಹಾಕ್ಯಾರ. ಇನ್ನ ಸಾಲಿಗಿ ಬರಂಗಿಲ್ಲಂತ." ಹೇಳುವಾಗ ಅವಳ ದನಿಯಲ್ಲಿ ಗೆದ್ದ ಸಂತೋಷವಿರಬೇಕಿತ್ತು, ಇರಲಿಲ್ಲ. ಕಾಲ್ಬೆರಳಿನಿಂದ ಮಣ್ಣು ಕೆದರುತ್ತ ನಿಂತಳು.

ಆಗ ಇಂದೂಬಾಯಿಯವರಿಗೆ ತಾವು ಮಾಡಿದ್ದು ಏನೆಂದು ತಿಳಿಯಿತು. ಹಲಗೆಯ ಮೇಲೆ ಬರೆದ ಆ ಸಾಲನ್ನು ಹುಡುಗಿ ತನ್ನ ಅಪ್ಪನ ಹೆಸರಿಟ್ಟು ಓದಿಕೊಂಡಿದ್ದಳು. ಓದುವುದನ್ನು ಕಲಿಸಿದವರೂ ಇವರೇ. ಆ ದಿನ ಅವರು ಊಟ ಮಾಡಲಿಲ್ಲ.

ಶನಿವಾರ ಒಂದು ಚಿಪ್ಪು ಕಮಲಾಪುರದ ಕೆಂಬಾಳೆ ಹಿಡಿದು ಬಸ್ಸು ಹತ್ತಿದರು. ಕಲಬುರಗಿಯಲ್ಲಿ ಇಳಿದು ಮನೆಗೆ ಹೋಗದೆ ನೇರವಾಗಿ ರೋಜಾಕ್ಕೆ ನಡೆದರು. ದರ್ಗಾದ ಸುತ್ತಿನ ಅಂಗಡಿಗಳಲ್ಲಿ ಕೇಳುತ್ತ ಹೋದರೆ ಒಂದು ಸಂದಿಯ ಕೊನೆಗೆ, ಬಂಧುಗಳ ಪಡಸಾಲೆಯಲ್ಲಿ, ದಿಲ್ಶಾದ್ ಬೇಗಂ ಮಲ್ಲಿಗೆಯನ್ನು ದಾರಕ್ಕೆ ಪೋಣಿಸುತ್ತ ಕೂತಿದ್ದಳು. ದರ್ಗಾಕ್ಕೆ ಹೂವಿನ ಚಾದರ ಹೆಣೆಯುವ ಕೆಲಸ.

"ಆವೋ ಬಾಯಿ, ಕೂಡ್ರಿ," ಎಂದಳು ಮುದುಕಿ, ಸೂಜಿ ನಿಲ್ಲಿಸದೆ. "ಪೋರಿ ಇನ್ನ ಬರಂಗಿಲ್ಲ. ಇಲ್ಲೇ ಹೂವಿನ ಕೆಲಸ ಕಲೀತದ."

"ಯಾಕ್ರಿ ಅಮ್ಮಾ? ಶಾಣ್ಯಾ ಹುಡುಗಿ ಅದ."

ಸೂಜಿ ನಿಂತಿತು. "ಫಕ್ರುದ್ದೀನ್ ಖಾಕಿ ಹಾಕ್ಕೊಂಡಿದ್ದು ಖರೆ ಅದ ಬಾಯಿ. ನಾ ಸುಳ್ಳ ಹೇಳಂಗಿಲ್ಲ. ಲಾರಿ ನಡಸ್ತಿದ್ದ. ಹಿಂದ ಕೂತವರು ಎಲ್ಲಿಗಿ ಹೊಂಟಾರ, ಏನ್ ಮಾಡಾಕತ್ತಾರ, ನೋಡಿನೂ ನೋಡಿಲ್ದಂಗ ನಡಸ್ದ. ನಾ ಬ್ಯಾಡ ಅಂದೆ, ಕೇಳ್ಲಿಲ್ಲ. ಅವಂದು ಅವನ ಸಂಗಟ ಹೋಯ್ತು. ಈ ಪೋರಿ ಏನ್ ಮಾಡ್ಯಾದ?"

ಲಾರಿ ಎಂಬ ಮಾತಿಗೆ ಇಂದೂಬಾಯಿ ಕೆಂಬಾಳೆಯ ಚಿಪ್ಪನ್ನು ನೆಲಕ್ಕಿಟ್ಟರು. ಕೇಳಬಾರದೆಂದುಕೊಂಡೂ ಕೇಳಿಬಿಟ್ಟರು. "ಆ ಲಾರಿ ಮಹಾಗಾಂವಕ್ಕ ಬಂದಿತ್ತೇನ್ರಿ?"

ದಿಲ್ಶಾದ್ ಬೇಗಂ ಅವರ ಮುಖ ನೋಡಿದಳು. ಮಹಾಗಾಂವದ ಸುದ್ದಿ ಅವಳಿಗೂ ಗೊತ್ತಿತ್ತು. "ಗೊತ್ತಿಲ್ಲ ಬಾಯಿ. ಅಲ್ಲಾಹನ ಆಣಿ, ಗೊತ್ತಿಲ್ಲ. ಕೇಳೋಣಂದ್ರ ಅವನೇ ಇಲ್ಲ."

ಇಂದೂಬಾಯಿ ಎದ್ದು ನಿಂತರು. ಬಂದಿರಬಹುದು, ಬರದಿರಬಹುದು. ಬಂದಿರಬಹುದಾದ ಲಾರಿಯವನ ಮಗಳಿಗಾಗಿ ತಾನು ಬಾಳೆಹಣ್ಣು ಹಿಡಿದು ಬಂದೆನಲ್ಲ ಎನಿಸಿತು. ಹೊರಟೇಬಿಡುತ್ತಿದ್ದರು. ಆಗ ಒಳಗಿಂದ ಇಕ್ಬಾಲ್ ಬೇಗಂ ನೀರಿನ ತಂಬಿಗೆ ಹಿಡಿದು ಬಂದಳು. ತಂಬಿಗೆ ಕೊಟ್ಟು, ನೆಲ ನೋಡುತ್ತ ಕೇಳಿದಳು:

"ಬಾಯಿ, ನಿಮ್ಮ ಅವ್ವನ ಕಥಿಯೊಳಗ ರಾಕ್ಷಸ ಕಲ್ಲು ಹೊರ್ತಿದ್ದ ಅಲ್ರಿ? ಕೆರಿ ಕಟ್ಟಿದ್ದ. ಅದನ್ನ ಸಿನೆಮಾದವರು ಯಾಕ ಬಿಟ್ರು?"

ಇಡೀ ಶಾಲೆಯಲ್ಲಿ ಆ ಕೆರೆಯನ್ನು ನೆನಪಿಟ್ಟುಕೊಂಡವಳು ಇವಳೊಬ್ಬಳೇ. ಅಪ್ಪ ಎಲ್ಲೋ ಕಲ್ಲು ಹೊರುತ್ತಿದ್ದಾನೆ, ಹೊತ್ತು ಮುಗಿಸಿ ಒಂದು ದಿನ ಬರುತ್ತಾನೆ ಎಂದು ಈ ಮಗು ಆ ಕಥೆ ಹಿಡಿದುಕೊಂಡು ಮಲಗುತ್ತಿತ್ತೇನೋ. ಇಂದೂಬಾಯಿಯವರ ಕಣ್ಣು ತುಂಬಿತು.

"ಸಿನೆಮಾದವರು ಬಿಟ್ಟದ್ದು ಹೋಗ್ಲಿ ಅವ್ವಿ, ನಾನೂ ಬಿಟ್ಟೆ," ಎಂದರು. ಆಮೇಲೆ ಮುದುಕಿಯ ಕಡೆ ತಿರುಗಿದರು. "ನನ್ನ ಸಂಗಟ ಕಳಸ್ರಿ ಅಮ್ಮಾ. ಸೋಮವಾರ ಪಾಠ ಮತ್ತ ಹೇಳ್ತೀನಿ."

ದಿಲ್ಶಾದ್ ಬೇಗಂ ಹೂವನ್ನು ಪಕ್ಕಕ್ಕಿಟ್ಟಳು. "ಇದು ನನ್ನ ಕೇಳ್ತದ, ದಾದಿ, ಆ ರಾಕ್ಷಸನ ಪೋರಿಗಿ ಮುಂದ ಏನಾಯ್ತು ಅಂತ. ನನಗ ಹೇಳ್ಲಿಕ್ಕ ಬರಂಗಿಲ್ಲ. ನೀವು ಕಲತವರು, ನೀವು ಹೇಳ್ರಿ. ಸೋಮವಾರ ನಾನೇ ಕರ್ಕೊಂಡು ಬರ್ತೀನಿ, ಹೊರಗ ಕೂಡ್ತೀನಿ. ಹುಡುಗ್ಯಾರು ನಕ್ರ ಎಬ್ಬಿಸ್ಕೊಂಡು ಹೋಗ್ತೀನಿ, ಮತ್ತ ಕೇಳಬ್ಯಾಡ್ರಿ."

ಮಾತು ಅಲ್ಲಿಗೆ ಮುಗಿಯಿತು. ಸೋಮವಾರ ಬೆಳಗಿನ ಬಸ್ಸಿನಲ್ಲಿ ಮಹಾಗಾಂವ ಬಂದಾಗ ಇಂದೂಬಾಯಿ ಸೆರಗಿನ ಕಡೆಗೆ ಕೈ ಒಯ್ಯಲಿಲ್ಲ. ಕಿಟಕಿಯಿಂದ ನೋಡಿದರು. ಸುಟ್ಟ ಮನೆಯ ಜಾಗದಲ್ಲಿ ಯಾರೋ ತೊಗರಿ ಬಿತ್ತಿದ್ದರು.

ಬೇವಿನ ಗಿಡದ ಕೆಳಗೆ ಹುಡುಗಿಯರು ಕೂತರು. ಇಕ್ಬಾಲ್ ಬೇಗಂ ಎಲ್ಲರಿಗಿಂತ ಹಿಂದೆ ಕೂತಳು. ಕಂಪೌಂಡಿನ ಆಚೆ, ರಸ್ತೆಯ ಬದಿಗೆ, ಬುರ್ಖಾದ ದಿಲ್ಶಾದ್ ಬೇಗಂ ಕಲ್ಲಿನ ಮೇಲೆ ಕೂತಿದ್ದಳು. ಇಂದೂಬಾಯಿ ಹಲಗೆ ತರಿಸಿ, ಇನ್ನೂ ಅಳಿಸದೆ ಉಳಿದಿದ್ದ ಸಾಲನ್ನು ಎಲ್ಲರ ಮುಂದೆ ಅಂಗೈಯಿಂದ ಒರೆಸಿದರು.

"ಸಿನೆಮಾದ ಕಥಿ ಅರ್ಧಕ್ಕ ನಿಂತದ. ಮುಂದ ನಾ ಹೇಳ್ತೀನಿ," ಎಂದರು. "ರಾಕ್ಷಸ ಸತ್ತ."

"ಹೂಂ," ಎಂದಳು ಬಂಡೆಮ್ಮ, ಗಟ್ಟಿಯಾಗಿ.

"ಅವನಿಗೊಬ್ಬಾಕಿ ಮಗಳಿದ್ಲು."

ಹೂಂ ಬರಲಿಲ್ಲ. ಬಂಡೆಮ್ಮ ತುಟಿ ಬಿಗಿಹಿಡಿದು ಕೂತಿದ್ದಳು. ಬೇರೆ ಹುಡುಗಿಯರು ಅವಳ ಮುಖ ನೋಡಿದರು, ಅವಳ ಹೂಂ ಕಿತ್ತುಕೊಳ್ಳುವ ಧೈರ್ಯ ಯಾರಿಗಿದೆ? ಇಂದೂಬಾಯಿ ಎರಡನೆಯ ಸಲ ಹೇಳಿದರು. "ಅವನಿಗೊಬ್ಬಾಕಿ ಮಗಳಿದ್ಲು." ಆಗಲೂ ಇಲ್ಲ. ಒಪ್ಪದಿದ್ದರೂ ಓಡುವುದು ಸಿನೆಮಾ. ಇದು ಅವ್ವನ ಕಥೆ, ಹೂಂ ಇಲ್ಲದೆ ಹೋಗದು; ದಬಾಯಿಸಿ ಹೂಂ ಅನ್ನಿಸಿದರೆ ಅದು ಹೂಂ ಅಲ್ಲ. ರಸ್ತೆಯ ಬದಿಯಲ್ಲಿ ದಿಲ್ಶಾದ್ ಬೇಗಂ ಎದ್ದು ನಿಂತಳು.

"ಬಾಯಾರ," ಎಂದಳು ಬಂಡೆಮ್ಮ ಕೊನೆಗೆ, "ಅವರಪ್ಪ ಮಂದಿ ಕೈ ಮುರಿಯಾಕ ಹೋದಾಗ ಅಕೀನೂ ಹೋಗಿದ್ಲೇನ್ರಿ?"

"ಇಲ್ಲವ್ವ. ಮನ್ಯಾಗ ಕೂತು, ಅಪ್ಪ ಯಾವಾಗ ಬರ್ತಾನಂತ ದಾರಿ ನೋಡ್ತಿದ್ಲು."

"ಅಂವ ಏನ್ ಮಾಡಾಕ ಹೋಗ್ಯಾನಂತ ಅಕಿಗಿ ಗೊತ್ತಿತ್ತೇನ್ರಿ?"

"ಸಣ್ಣಾಕಿ ಇದ್ಲು. ನಿನ್ನಷ್ಟೇ."

ಬಂಡೆಮ್ಮ ತನ್ನ ಬಲಗೈಯನ್ನು ಎಡಗೈಯಿಂದ ಹಿಡಿದುಕೊಂಡಳು. "ಅಪ್ಪ ಸತ್ತ ಮ್ಯಾಲ ಅಕಿಗಿ ಉಣ್ಣಾಕ ಯಾರು ಹಾಕಿದ್ರು?"

ಅವ್ವನ ಕಥೆಯಲ್ಲಿ ಆ ಹುಡುಗಿಯೇ ಇರಲಿಲ್ಲ, ಸಿನೆಮಾದವರು ಅವಳನ್ನು ಬಿಟ್ಟು ಮನೆಗೆ ಹೋಗಿದ್ದರು. ಇಂದೂಬಾಯಿ ಬಸ್ಸಿನಲ್ಲಿ ಯೋಚಿಸಿಕೊಂಡು ಬಂದದ್ದೆಲ್ಲ ಈ ಪ್ರಶ್ನೆಯ ಮುಂದೆ ಜೊಳ್ಳಾಗಿ ಕಂಡಿತು.

"ನಾ ಹೇಳ್ಲೇನ್ರಿ ಬಾಯಿ?" ಹಿಂದಿನಿಂದ ದನಿ ಬಂತು. ಇಕ್ಬಾಲ್ ಬೇಗಂ ಎದ್ದು ನಿಂತಿದ್ದಳು. ಯಾರೂ ನಗಲಿಲ್ಲ. "ಅಕಿಗಿ ಒಬ್ಬಾಕಿ ದಾದಿ ಇದ್ಲು. ದಾದಿ ಹೂವಾ ಪೋಣಸ್ತಿದ್ಲು."

ಅಷ್ಟು ಹೇಳಿ ನಿಂತಳು. ಕಟ್ಟಳೆ ಅವಳಿಗೂ ಗೊತ್ತಿತ್ತು. ಬಂಡೆಮ್ಮನ ಬೆನ್ನನ್ನೇ ನೋಡುತ್ತ ಕಾದಳು. ಬಸ್ಸೊಂದು ಹಾರ್ನ್ ಹಾಕಿಕೊಂಡು ಹೋಯಿತು. ದಿಲ್ಶಾದ್ ಬೇಗಂ ಕಂಪೌಂಡಿನ ಕಲ್ಲು ಹಿಡಿದು ನಿಂತಿದ್ದಳು.

ಬಂಡೆಮ್ಮ ಕೂತಲ್ಲೇ ಹಿಂದಕ್ಕೆ ಹೊರಳಿ, ಪಕ್ಕದವಳನ್ನು ಮೊಳಕೈಯಿಂದ ಸರಿಸಿ ಒಬ್ಬರು ಕೂರುವಷ್ಟು ಜಾಗ ಮಾಡಿದಳು. ಆಮೇಲೆ ಅವಳ ಗಂಟಲಿನಿಂದ ಎಂದೂ ಬಾರದಷ್ಟು ಸಣ್ಣ ದನಿಯಲ್ಲಿ, "ಹೂಂ," ಎಂದಳು.

ಇಕ್ಬಾಲ್ ಬೇಗಂ ಬಂದು ಆ ಜಾಗದಲ್ಲಿ ಕೂತು ಕಥೆ ಮುಂದುವರಿಸಿದಳು. ದಿಲ್ಶಾದ್ ಬೇಗಂ ಮತ್ತೆ ಕಲ್ಲಿನ ಮೇಲೆ ಕೂತುಕೊಂಡಳು.